ಸ್ಮರಣ ಸಂಚಿಕೆಗೆ ಎರಡು ಪುಟ

ಭವನಕ್ಕೆ ನಲವತ್ತು ತುಂಬಿತಂತೆ. ಸಮಿತಿಯವರು ಬಂದು
‘ಇತಿಹಾಸ ಬರೆದುಕೊಡಿ ದ್ಯಾವಣ್ಣ, ಎರಡೇ ಪುಟ,
ಬುಕಿಂಗ್ ಪುಸ್ತಕ ಇಟ್ಟವರು ನೀವೇ ಅಲ್ವಾ’ ಅಂದರು.
ಅಡಿಗಲ್ಲು ಇಟ್ಟವರ ಹೆಸರು ಆಗಲೇ ಅಚ್ಚಾಗಿದೆ, ಫೋಟೋ ಸಮೇತ.
ನನಗೆ ಉಳಿದದ್ದು ಜಾಹೀರಾತುಗಳ ನಡುವಿನ ಜಾಗ.

ಮೊದಲು ನೆಲ.
ಉಪ್ಪಳ್ಳಿ ರಸ್ತೆಯ ತಿರುವಿನ ಈ ನೆಲ
ಕಾಫಿ ಒಣಗಿಸುವ ಕಣ, ಪಕ್ಕದಲ್ಲಿ ಉದ್ದನೆ ಶೆಡ್ಡು.
ಕ್ಯೂರಿಂಗ್ ವರ್ಕ್ಸ್ ಅಂತ ಬೋರ್ಡಿತ್ತು,
ನಮ್ಮೋರ ಬಾಯಲ್ಲಿ ಅದು ‘ಕೂರಿಂಗು’;
ಕೂತು ಮಾಡುವ ಕೆಲಸ ತಾನೇ.
ಮುನ್ನೂರು ಹೆಂಗಸರು ಸಾಲಾಗಿ ಕೂತು
ಕಪ್ಪು ಬೀಜ, ಒಡಕು ಬೀಜ, ಹುಳ ಕೊರೆದ ಬೀಜ
ಆರಿಸಿ ಆರಿಸಿ
ಒಳ್ಳೆಯದನ್ನು ಹಡಗಿಗೆ ಕಳಿಸಿದರು,
ಒಡಕನ್ನು ಮಡಿಲಿಗೆ. ಬೆಲ್ಲ ಹಾಕಿ ಕುದಿಸಿದರೆ
ಅದೂ ಕಾಫಿಯೇ.
ನಮ್ಮವ್ವ ಸಣ್ಣೀರಮ್ಮ ಏಳನೇ ಸಾಲು, ಈಶಾನ್ಯ ಮೂಲೆ.
ಅವಳ ಸೆರಗಿನ ಕೆಳಗೆ, ಗೋಣಿಯ ಮೇಲೆ
ನಿದ್ದೆ ಕಲಿತವನು ನಾನು.

ಮೇಸ್ತ್ರಿ ನೆಲಕ್ಕೆ ವಾಟ ಕೊಟ್ಟಿದ್ದ, ಅದೇ ಮೂಲೆಗೆ.
ಗಿರಿಯ ಕಡೆಯಿಂದ ಹೇಳದೆ ಕೇಳದೆ ಮಳೆ ಬಂದರೆ
ನೀರು ಬೀಜ ಬಿಟ್ಟು ಓಡಲಿ ಅಂತ.
ಗಜಕ್ಕೆ ಅರ್ಧ ಬೆರಳು, ಕಣ್ಣಿಗೆ ಕಾಣದು.
ಇದೊಂದು ನೆನಪಿಟ್ಟುಕೊಳ್ಳಿ.

ಆಮೇಲೆ ಬೀಗ. ಕೇಸು. ಹುಲ್ಲು.
ಹನ್ನೊಂದು ವರ್ಷ ಕೋರ್ಟಿನಲ್ಲಿ ಒಣಗಿದ ಕಣವನ್ನು
ಪುರಸಭೆ ಕೊಂಡಿತು, ಕಂಬ ನಿಲ್ಲಿಸಿತು, ಸೂರು ಹೊದಿಸಿತು.
ಪುಸ್ತಕದ ಮೊದಲ ಪುಟ, ನನ್ನದೇ ಕೋಳಿಕಾಲು ಅಕ್ಷರ:
‘ನಾಮಕರಣ, ಬಾಡಿಗೆ ನೂರೈವತ್ತು, ಪಾತ್ರೆ ಬೇರೆ.’
ಎರಡನೆಯದು ರೇಡಿಯೋ ರಿಪೇರಿ ತರಬೇತಿ.
ಮೂರನೆಯದಕ್ಕೆ ಅಡ್ಡಗೆರೆ: ‘ಹುಡುಗಿ ಒಪ್ಪಲಿಲ್ಲ.’
ಅಡ್ವಾನ್ಸು ವಾಪಸ್ ಕೊಡುವ ರೂಲ್ ಇರಲಿಲ್ಲ.
ಕೊಟ್ಟೆ.

ಒಂದೇ ದಿನ ಬೆಳಿಗ್ಗೆ ಪ್ಲಾಂಟರುಗಳ ಸಭೆ:
ಕೂಲಿ ಜಾಸ್ತಿಯಾಯಿತು.
ಸಂಜೆ ಆಳುಗಳ ಸಭೆ:
ಕೂಲಿ ಸಾಲದು.
ಎರಡಕ್ಕೂ ಬುಡೇನ್ ಸಾಬರದೇ ಮೈಕು.
ಒಮ್ಮೆ ‘ಹಲೋ’ ಅಂದರೆ ಎರಡು ಸಲ ಅನ್ನುತ್ತಿದ್ದ ಆ ಮೈಕು
ಯಾರ ಮಾತನ್ನೂ ಕಡಿಮೆ ಮಾಡಲಿಲ್ಲ.
ಚಪ್ಪಾಳೆ ಸಂಜೆ ಜಾಸ್ತಿ, ಬಾಡಿಗೆ ಬೆಳಿಗ್ಗೆ ಬೇಗ ಬಂತು.

ರೋಗದ ವರ್ಷ ಬುಕಿಂಗ್ ಇಲ್ಲ. ಮಂಚಗಳು ಬಂದವು, ನೂರಾ ಇಪ್ಪತ್ತು.
ಸಾಲಾಗಿ ಹಾಕಿದರು.
ಆ ಪುಟಗಳಲ್ಲಿ ಏನು ಬರೆಯಬೇಕೋ ತಿಳಿಯದೆ
ತಾರೀಖು ಮಾತ್ರ ಬರೆದೆ.

ಈಗ ಇದು ಕನ್ವೆನ್ಷನ್ ಸೆಂಟರ್. ಗಾಜಿನ ಬಾಗಿಲು, ಎ.ಸಿ.,
ಹನಿಮೂನಿಗೆ ಬಂದವರು ಮುಂದೆ ನಿಂತು ಸೆಲ್ಫಿ ತೆಗೆಯುವ ಕಾರಂಜಿ.
ಇಂಜಿನಿಯರು ಕೆಂಪು ಬೆಳಕಿನ ಯಂತ್ರ ಹಿಡಿದು
‘ನೆಲ ಈಗ ಪರ್ಫೆಕ್ಟ್ ಲೆವೆಲ್ಲು’ ಅಂದಾಗ
ಅಡುಗೆಯ ಶೇಷಾಚಲ ಮಾತಾಡದೆ ಒಂದು ನಿಂಬೆಹಣ್ಣು ಇಟ್ಟ.
ಸ್ವಲ್ಪ ಯೋಚಿಸಿತು ನಿಂಬೆಹಣ್ಣು.
ಆಮೇಲೆ ಹೊರಟಿತು, ನಿಧಾನ,
ಇಟಲಿ ಟೈಲ್ಸಿನ ಮೇಲೆ ತಾನೇ ದಾರಿ ಬಲ್ಲಂತೆ,
ಈಶಾನ್ಯಕ್ಕೆ.

ಹೋದ ಮಾಘದಲ್ಲಿ ಹಳೇ ಧಣಿಗಳ ಮರಿಮಗಳ ಮದುವೆ.
ಅವ್ವನನ್ನೂ ಕರೆದಿದ್ದರು. ಎಂಬತ್ತೆರಡು; ಕಣ್ಣು ಮಂಜು.
ಆ ಮೂಲೆಯಲ್ಲೇ ಕೂರಿಸಿದೆ, ಕೈಗೆ ಅಕ್ಷತೆ ಕೊಟ್ಟೆ.
ಗಟ್ಟಿಮೇಳ, ಎಲ್ಲರೂ ಎದ್ದರು, ಎಲ್ಲರೂ ಎಸೆದರು.
ಅವ್ವ ಎಸೆಯಲಿಲ್ಲ.
ತಲೆ ಬಗ್ಗಿಸಿ, ಬೆರಳ ತುದಿಯಲ್ಲಿ ತಡವಿ
ನುಚ್ಚಿನ ಕಾಳುಗಳನ್ನು ಒಂದೊಂದೇ ಬೇರೆ ಇಡುತ್ತಿದ್ದಳು.
‘ಎಸಿಯವ್ವಾ’ ಅಂದೆ.
‘ತಡಿಯೋ, ಅಕ್ಷತೇಲಿ ಒಡಕು ಇರಬಾರದು.’

ಅವಳು ಆರಿಸಿ ಮುಗಿಸುವ ಹೊತ್ತಿಗೆ
ಜನ ಊಟಕ್ಕೆ ಹೋಗಿದ್ದರು.
ಖಾಲಿ ಮಂಟಪಕ್ಕೆ ಅಷ್ಟನ್ನೂ ಎಸೆದು
ನುಚ್ಚನ್ನು ಮಡಿಲಿಗೆ ಕಟ್ಟಿಕೊಂಡಳು.

ಸಮಿತಿಯವರೇ, ಏಳನೇ ಸಾಲಿನ ಫೋಟೋ ಇಲ್ಲ, ಯಾರೂ ತೆಗೆದಿಲ್ಲ.
ಎರಡು ಪುಟ ಮೀರಿದ್ದರೆ ಗಂಟುಮೇಳ ಬೇಕಾದರೆ ಕತ್ತರಿಸಿ,
ನಿಂಬೆಹಣ್ಣು ಇರಲಿ.
ನಾಳೆ ಪಶುವೈದ್ಯರ ಸಮ್ಮೇಳನ. ಕುರ್ಚಿ ಏಳುನೂರು.